ಒಲೆ ಹಚ್ಚುವ ಮೊದಲು

ವಿಜಯಪುರದಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಜೋಳದ ರೊಟ್ಟಿ, ಎಣಗಾಯಿ, ಝುಣಕ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಇಷ್ಟೇ. ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾದ ಗದ್ದಲ ಮೂರಕ್ಕೆ ಇಳಿಯುತ್ತದೆ. ಊಟಕ್ಕೆ ಬರುವ ಕಾಲೇಜು ಹುಡುಗಿಯರು ನನ್ನ ಕೊರಳಿನಲ್ಲಿ ಇಷ್ಟಲಿಂಗವಿರುವ ಕರಡಿಗೆ ನೋಡಿ, "ಅಕ್ಕಾರ, ಇಷ್ಟು ಕೆಲಸದಾಗ ದಿನಾ ಪೂಜಾ ಹೆಂಗ ಮಾಡ್ತೀರಿ?" ಅನ್ನುತ್ತಾರೆ. ಬಡಿಸುತ್ತ ಹೇಳುವ ಮಾತಲ್ಲ ಅದು, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಏಳುವುದು ನಾಲ್ಕೂವರೆಗೆ, ಒಲೆ ಹಚ್ಚುವುದು ಆರಕ್ಕೆ. ನಡುವಿನ ಹೊತ್ತಿನಲ್ಲಿ ಸ್ನಾನ, ಲಿಂಗಪೂಜೆ. ದಿನದ ಕೊನೆಗೆ ಮಾಡಿದರಾಯಿತು ಎಂದು ಇಟ್ಟುಕೊಂಡರೆ ಖಾನಾವಳಿ ನಡೆಸುವವಳಿಗೆ ದಿನದ ಕೊನೆ ಅಂತ ಒಂದು ಇರುವುದೇ ಇಲ್ಲ.

ಪೂಜೆಯ ಕ್ರಮ ಕಲಿಸಿದವರು ನಮ್ಮತ್ತೆ. ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ನೀರೆರೆದು, ಭಸ್ಮ, ಪತ್ರೆ ಏರಿಸುವುದು. ಪತ್ರೆ ಇಲ್ಲದ ದಿನ ಒಂದು ಹೂವು, ಅದೂ ಇಲ್ಲದಿದ್ದರೆ ಬರೀ ನೀರು. ಆಮೇಲಿನದು ಮುಖ್ಯ. ಅಂಗೈಯನ್ನು ಕಣ್ಣಿನ ಎತ್ತರಕ್ಕೆ ತಂದು ಲಿಂಗವನ್ನೇ ನೋಡುತ್ತ ಕೂರುವುದು. ದೀಪವನ್ನು ಪಕ್ಕದಲ್ಲಿ ಸರಿಯಾದ ಕಡೆಗಿಟ್ಟರೆ ಆ ಕಪ್ಪು ಮೈಮೇಲೆ ಬೆಳಕಿನದೊಂದು ಚುಕ್ಕೆ ಬೀಳುತ್ತದೆ. ಕಣ್ಣು ಅಲ್ಲಿ ನಿಲ್ಲಬೇಕು, ಒಳಗೆ 'ಓಂ ನಮಃ ಶಿವಾಯ' ಎಂಬ ಷಡಕ್ಷರಿ ನಡೆಯಬೇಕು.

ಹೇಳುವುದಕ್ಕೆ ಸುಲಭ. ಮೊದಮೊದಲು ಎರಡು ನಿಮಿಷಕ್ಕೇ ತೋಳು ನಡುಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎವೆ ಮುಚ್ಚಬಾರದೆಂದು ಹಟ ಹಿಡಿದು ಕೂರುವವರಿದ್ದಾರೆ, ನನಗೆ ಅದು ಸರಿಬರಲಿಲ್ಲ. ಎವೆ ಬಡಿದರೆ ಬಡಿಯಲಿ, ನೋಟ ಮಾತ್ರ ಅಲ್ಲಿಗೇ ಮರಳಲಿ. ಬಲಗೈಯನ್ನು ಎಡ ಮೊಣಕೈಗೆ ಆಸರೆ ಕೊಟ್ಟುಕೊಂಡರೆ ತೋಳು ಸೋಲುವುದಿಲ್ಲ. ಐದು ನಿಮಿಷದಿಂದ ಶುರು ಮಾಡಿ, ಅದು ಹಗುರಾದ ಮೇಲೆ ಹೆಚ್ಚಿಸಿಕೊಂಡೆ. ಮನಸ್ಸು ಗ್ಯಾಸ್ ಸಿಲಿಂಡರಿಗೆ, ಬದನೆಕಾಯಿ ರೇಟಿಗೆ ಓಡುವುದು ಇವತ್ತಿಗೂ ತಪ್ಪಿಲ್ಲ. ಓಡಿದ್ದು ಬೇಗ ಗೊತ್ತಾಗುತ್ತದೆ, ಅಷ್ಟೇ ವ್ಯತ್ಯಾಸ. ಅಷ್ಟು ಸಾಕು ಎಂದು ನನ್ನ ಲೆಕ್ಕ.

ಹೆಣ್ಣುಮಕ್ಕಳು ಪಿಸುಗುಟ್ಟಿ ಕೇಳುವುದು ಇನ್ನೊಂದು: ಮುಟ್ಟಿನ ದಿನ? ಬಿಡುವುದಿಲ್ಲ. ಜನನ, ಜಾತಿ, ರಜಸ್ಸು, ಎಂಜಲು, ಪ್ರೇತ, ಈ ಐದೂ ಸೂತಕ ಲಿಂಗವಂತರಿಗಿಲ್ಲ ಎಂದು ಶರಣರು ಹನ್ನೆರಡನೇ ಶತಮಾನದಲ್ಲೇ ತೀರ್ಮಾನಿಸಿಬಿಟ್ಟರು. ಲಿಂಗ ಮೈಮೇಲೇ ಇರುವಾಗ ದೂರ ಕೂರುವುದು ಎಲ್ಲಿಂದ ಬಂತು? ಆದರೂ ನಮ್ಮವರ ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಪೂಜೆಯಿಂದ ಹೊರಗಿಡುತ್ತಾರೆ. ನಮ್ಮತ್ತೆ ಈ ವಿಷಯದಲ್ಲಿ ಗಟ್ಟಿ. "ಯವ್ವಾ, ಆ ದಿನ ಹಸಿವ್ಯಾಗೂದಿಲ್ಲೇನು? ಉಣ್ಣೂದು ಬಿಡ್ತೀಯೇನು? ಹಂಗಾರ ಪೂಜಾನೂ ಬಿಡಬ್ಯಾಡ" ಎಂದಿದ್ದರು. ಹೊಟ್ಟೆನೋವು ಜೋರಿದ್ದ ದಿನ ಗೋಡೆಗೆ ಒರಗಿ ಕೂತು ಮಾಡುತ್ತೇನೆ.

ಇಷ್ಟಾದ ಮೇಲೆ ಒಂದು ತಕರಾರು ಬಂದೇ ಬರುತ್ತದೆ. ಕಾಯಕವೇ ಕೈಲಾಸ ಅನ್ನುವಾಗ ಬೇರೆ ಪೂಜೆ ಯಾಕೆ? ಶರಣ ನುಲಿಯ ಚಂದಯ್ಯನ ಕಥೆಯನ್ನೂ ಮುಂದಿಡುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮ ದಾಸೋಹ ಮಾಡುತ್ತಿದ್ದವನು ಆತ. ಹುಲ್ಲು ಕೊಯ್ಯುವಾಗ ಲಿಂಗ ಕಳಚಿ ನೀರಿಗೆ ಬಿದ್ದರೆ, ತಿರುಗಿಯೂ ನೋಡದೆ ಕಾಯಕಕ್ಕೆ ಹೊರಟನಂತೆ. ಲಿಂಗವೇ ಬೆನ್ನು ಹತ್ತಿ ಬಂತಂತೆ. ನನಗೂ ಬಹಳ ಸೇರುವ ಕಥೆ. ಆದರೆ ನಾನು ಚಂದಯ್ಯನಲ್ಲ. ಬೆಳಗಿನ ಪೂಜೆ ಅರ್ಧಂಬರ್ಧ ಆದ ದಿನ ಮಧ್ಯಾಹ್ನದ ಗದ್ದಲದಲ್ಲಿ ನನ್ನ ನಾಲಿಗೆ ಹರಿತವಾಗುತ್ತದೆ. ರೊಟ್ಟಿ ಬಡಿಯುವ ಹುಡುಗಿಯರಿಗೆ ಅದು ನನಗಿಂತ ಮೊದಲು ಗೊತ್ತಾಗುತ್ತದೆ. "ಇವತ್ತ ಅಕ್ಕಾರು ಲಗೂನ ಎದ್ದಿಲ್ಲ ಕಾಣ್ತೈತಿ" ಎಂದು ಅವರವರೇ ಮಾತಾಡಿಕೊಳ್ಳುತ್ತಾರೆ. ಪೂಜೆ ಹೇಗಾಯಿತು ಎಂದು ಅಳೆಯಲು ನನಗಿರುವ ಅಳತೆ ಇದೊಂದೇ. ಕಣ್ಣೆದುರು ಬೆಳಕು ಕಂಡಿತು, ಮೈ ಜುಮ್ಮೆಂದಿತು ಎನ್ನುವವರ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಒಬ್ಬ ಗಿರಾಕಿ ನಾಲ್ಕನೇ ಸಲ ಪಲ್ಯ ಕೇಳಿದಾಗ ಮುಖ ಹೇಗಿತ್ತು ಎನ್ನುವುದನ್ನೂ ಅವರು ಹೇಳಬೇಕು.

ಕಾಯಕದಲ್ಲಿ ನಾನು ಹಾಕಿಕೊಂಡ ಕಟ್ಟುಪಾಡುಗಳಲ್ಲಿ ದೊಡ್ಡದು ಹಿಟ್ಟಿನದು. ಜೋಳದ ಹಿಟ್ಟಿಗೆ ಗೋದಿಯಂತೆ ತಾನಾಗಿ ಜಿಗಿ ಇಲ್ಲ, ಕುದಿಯುವ ನೀರು ಹಾಕಿ ನಾದಿದರೇ ಅದು ಹೊಂದಿಕೊಳ್ಳುವುದು. ಹಿಂಗಾರಿಯ ಮಾಲ್ದಂಡಿ ಜೋಳವಾದರೆ ರೊಟ್ಟಿ ತೆಳ್ಳಗೆ ಏಳುತ್ತದೆ, ತಿಂದರೆ ಸಿಹಿ. ಅದಕ್ಕೆ ಅಗ್ಗದ ಹೈಬ್ರಿಡ್ ಜೋಳ ಬೆರೆಸಿದರೆ ಪಲ್ಯ ಹಚ್ಚಿಕೊಂಡು ತಿನ್ನುವ ಹೊರಗಿನ ಗಿರಾಕಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಲಾಭ ಮಾತ್ರ ತಿಂಗಳ ಕೊನೆಗೆ ಎದ್ದು ಕಾಣುತ್ತದೆ. ಹಾಗೆ ಬೆರೆಸುವುದಿಲ್ಲ ಎಂದು ಒಮ್ಮೆ ತೀರ್ಮಾನ ಮಾಡಿಬಿಟ್ಟೆ. ದಿನಾ ಹೊಸದಾಗಿ ಯೋಚಿಸಲು ಹೋದರೆ ಯಾವುದೋ ಒಂದು ದಿನ ಸೋಲುತ್ತೇವೆ. ಜೋಳದ ರೇಟು ಏರಿದಾಗ ರೊಟ್ಟಿಯ ರೇಟು ಏರಿಸಿ ಬೋರ್ಡಿನ ಮೇಲೆ ಬರೆಯುತ್ತೇನೆ. ಗೊಣಗುವವರು ಗೊಣಗುತ್ತಾರೆ, ಉಣ್ಣುವವರು ಉಣ್ಣುತ್ತಾರೆ.

ಎರಡನೆಯದು ದುಡ್ಡಿನದು. ಇಲ್ಲಿ ನನಗೆ ಶರಣೆ ಆಯ್ದಕ್ಕಿ ಲಕ್ಕಮ್ಮನೇ ಗುರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಬೇಕಾದ್ದಕ್ಕಿಂತ ಹೆಚ್ಚು ತಂದ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದು ಆಕೆ ಅದನ್ನು ಮರಳಿ ಅಲ್ಲೇ ಸುರಿದು ಬರಲು ಕಳಿಸಿದಳು. ಮನೆಯಲ್ಲಿ ಅಕ್ಕಿಯ ಲೆಕ್ಕ ಇಟ್ಟವಳಿಗೇ ಈ ಮಾತು ಹೊಳೆಯಲು ಸಾಧ್ಯ ಎಂದು ನನಗನಿಸುತ್ತದೆ. ಓಲೆಗರಿಗಳಲ್ಲಿ ಉಳಿದಿದ್ದ ಇಂಥ ವಚನಗಳನ್ನು ಹುಡುಕಿ 1923ರಿಂದ ಅಚ್ಚಿಗೆ ತಂದವರು ನಮ್ಮೂರಲ್ಲೇ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದವರು.

ನಾನು ಲಕ್ಕಮ್ಮನಷ್ಟು ಗಟ್ಟಿಯಲ್ಲ, ಮಗನ ಫೀಸು ಕಟ್ಟಬೇಕು, ಮರಳಿ ಸುರಿಯಲಾರೆ. ರಾತ್ರಿ ಗಲ್ಲೆ ಎಣಿಸುವಾಗ ಮಾಲಿನ ದುಡ್ಡು, ಹುಡುಗಿಯರ ಪಗಾರ, ಮನೆಖರ್ಚು ತೆಗೆದಿಟ್ಟು, ಉಳಿದದ್ದರಲ್ಲಿ ಒಂದು ಪಾಲು ದಾಸೋಹದ ಡಬ್ಬಿಗೆ ಹಾಕುತ್ತೇನೆ. ಬಸ್‌ಸ್ಟ್ಯಾಂಡಿನಿಂದ ಹಸಿದು ಬಂದವರ ಊಟ ಆ ಡಬ್ಬಿಯಿಂದ. ನಮ್ಮೂರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬೇ ಇರಲಿಲ್ಲ, 2018ರಲ್ಲಿ ಬಂದ ಪದ್ಮಶ್ರೀಯನ್ನೂ ವಿನಯದಿಂದ ಬೇಡವೆಂದರು. ನನ್ನ ಗಲ್ಲೆಗೆ ಬೀಗ ಬೇಕು. ಆದರೆ ಡಬ್ಬಿಗೆ ಬೀಗ ಹಾಕಿಲ್ಲ, ಹುಡುಗಿಯರಿಗೆ ಅಡಚಣೆಯಾದರೆ ಕೇಳದೆ ತೆಗೆದುಕೊಳ್ಳಬಹುದು.

ಈಚೆಗೆ ಎಲ್ಲಕ್ಕಿಂತ ಕಷ್ಟ ಕೊಡುತ್ತಿರುವುದು ಮೊಬೈಲು. ಖಡಕ್ ರೊಟ್ಟಿಯ ಆರ್ಡರು ಪುಣೆ, ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಬರುತ್ತದೆ, ಬೆಳಗಿನ ಐದಕ್ಕೂ ಟಿಣ್ ಎನ್ನುತ್ತದೆ. ಸದ್ದು ಬಂದ್ ಮಾಡಿ ಇಟ್ಟರೂ ಪಕ್ಕದಲ್ಲಿದ್ದರೆ ಕಣ್ಣು ಅತ್ತ ಹೋಗುತ್ತದೆ. ಈಗ ರಾತ್ರಿಯೇ ಅದನ್ನು ಸ್ವಿಚ್ ಆಫ್ ಮಾಡಿ ಜೋಳದ ಡಬ್ಬದ ಮೇಲಿಡುತ್ತೇನೆ, ಮೊದಲ ರೊಟ್ಟಿ ಹಂಚಿನ ಮೇಲೆ ಬಿದ್ದ ಮೇಲೇ ತೆಗೆಯುವುದು. ಇದರಿಂದ ಒಂದು ಮದುವೆಮನೆಯ ದೊಡ್ಡ ಆರ್ಡರು ಬೇರೆಯವರ ಪಾಲಾಯಿತು. ಮನೆಯವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಮೂರನೇ ದಿನ ತಮ್ಮ ಮೊಬೈಲನ್ನೂ ತಂದು ಅದೇ ಡಬ್ಬದ ಮೇಲಿಟ್ಟರು. ಪೂಜೆಗೆ ಕೂರುವುದು ಮಾತ್ರ ಇನ್ನೂ ಆಗಿಲ್ಲ, ಆರರವರೆಗೆ ಮಲಗುತ್ತಾರೆ.