ವಾಲ್ವ್ ಪ್ರಿಆಂಪ್‌ನ 300 ವೋಲ್ಟ್ ಸಪ್ಲೈಯಿಂದ ಟ್ರಿಮ್ಮರ್ ಕಿತ್ತು ಹಾಕಿದ್ದು ಯಾಕೆ

ನನ್ನ ಪ್ರಿಆಂಪ್‌ನಲ್ಲಿ (ಸಣ್ಣ ಆಡಿಯೋ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ಎರಡು ಇಸಿಸಿ83 ವಾಲ್ವ್, ಅಂದರೆ ಗಾಜಿನ ನಿರ್ವಾತ ಕೊಳವೆಗಳು ಇವೆ. ಅವಕ್ಕೆ 300 ವೋಲ್ಟ್ ಬೇಕು, ಕರೆಂಟ್ ಮಾತ್ರ ಕೆಲವೇ ಮಿಲಿಆಂಪ್. ಇಷ್ಟಕ್ಕೆ ಭಾರದ ಟ್ರಾನ್ಸ್‌ಫಾರ್ಮರ್ ಯಾಕೆ ಅಂತ 12 ವೋಲ್ಟ್ ಅಡಾಪ್ಟರ್ ತಂದು, ಅದನ್ನು 300ಕ್ಕೆ ಏರಿಸುವ ರೆಡಿಮೇಡ್ ಸ್ವಿಚಿಂಗ್ ಬೋರ್ಡ್ ಹಾಕಿದೆ. ಮೇನ್ಸ್ ಪೆಟ್ಟಿಗೆಯೊಳಗೆ ಬರುವುದೇ ಇಲ್ಲ, ಅದು ದೊಡ್ಡ ನೆಮ್ಮದಿ.

ಒಂದು ದಿನ ವೋಲ್ಟೇಜ್ ಸ್ವಲ್ಪ ಸರಿಮಾಡೋಣ ಅಂತ ಬೋರ್ಡಿನ ಪುಟ್ಟ ಟ್ರಿಮ್ಮರ್‌ಗೆ (ತಿರುಗಿಸಿ ಬದಲಿಸುವ ರೆಸಿಸ್ಟರ್) ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಇಟ್ಟೆ. ಮೀಟರ್ 298 ತೋರಿಸುತ್ತಿತ್ತು. ಚೂರು ತಿರುಗಿಸಿದೆ, ಅಷ್ಟೇ. 340, 390, 460. ಗಾಬರಿಯಲ್ಲಿ ಪ್ಲಗ್ ಕೀಳುವಷ್ಟರಲ್ಲಿ 350 ವೋಲ್ಟಿನ ಕೆಪಾಸಿಟರ್‌ನ ತಲೆ ಉಬ್ಬಿತ್ತು.

ಟ್ರಿಮ್ಮರ್‌ನ ಒಳಗೆ ಸಂಪರ್ಕ ತಪ್ಪಿತ್ತು. ಔಟ್‌ಪುಟ್ ಎಷ್ಟಿದೆ ಅನ್ನುವ ಸುದ್ದಿಯೇ ವೋಲ್ಟೇಜ್ ನಿಯಂತ್ರಿಸುವ ಕಂಟ್ರೋಲರ್ ಚಿಪ್‌ಗೆ ತಲುಪುತ್ತಿರಲಿಲ್ಲ. ವೋಲ್ಟೇಜ್ ಸಾಲದು ಅಂದುಕೊಂಡು ಅದು ಏರಿಸುತ್ತಲೇ ಹೋಯಿತು. ವಾಲ್ವ್ ಒಳಗಿನ ಹೀಟರ್ ಇನ್ನೂ ಬಿಸಿಯಾಗಿರಲಿಲ್ಲ, ಹಾಗಾಗಿ ವಾಲ್ವ್‌ಗಳೂ ಕರೆಂಟ್ ಎಳೆಯುತ್ತಿರಲಿಲ್ಲ. ಮಾಮೂಲಿ ಟ್ರಾನ್ಸ್‌ಫಾರ್ಮರ್ ತನ್ನ ಸುತ್ತುಗಳು ಕೊಡುವಷ್ಟೇ ಕೊಡುತ್ತೆ. ಈ ಸ್ವಿಚಿಂಗ್ ಬೋರ್ಡಿಗೆ ಆ ಕಡಿವಾಣ ಇಲ್ಲ. ಇರುವ ಒಂದೇ ಕಡಿವಾಣ ಔಟ್‌ಪುಟ್ ಸುದ್ದಿಯನ್ನು ಕಂಟ್ರೋಲರ್‌ಗೆ ತರುವ ಆ ಫೀಡ್‌ಬ್ಯಾಕ್ ದಾರಿ. ನನ್ನ ಮಟ್ಟಿಗೆ ಇಡೀ ಸಪ್ಲೈಯಲ್ಲಿ ಮೊದಲು ನೋಡಬೇಕಾದ ಜಾಗ ಅದೇ.

ಆಮೇಲೆ ನಾನೇ ಯುಸಿ3843 ಅನ್ನುವ ಕಂಟ್ರೋಲರ್ ಚಿಪ್ ಬಳಸಿ ಚಿಕ್ಕ ಫ್ಲೈಬ್ಯಾಕ್ ಸಪ್ಲೈ (ಒಂದು ಬಗೆಯ ಸ್ವಿಚಿಂಗ್ ಸಪ್ಲೈ) ಕಟ್ಟಿದೆ. ಟ್ರಿಮ್ಮರ್ ಇಲ್ಲವೇ ಇಲ್ಲ. ಫೀಡ್‌ಬ್ಯಾಕ್ ದಾರಿಯಲ್ಲಿ ಮೇಲೆ, ಔಟ್‌ಪುಟ್ ಕಡೆಗೆ, 470ಕೆ (ಕಿಲೋಓಮ್) ರೆಸಿಸ್ಟರ್ ಮೂರು ಸಾಲಾಗಿ, ಕೆಳಗೆ ಗ್ರೌಂಡ್ ಕಡೆಗೆ 12ಕೆ ಒಂದು. ಚಿಪ್ ಹೋಲಿಸಿ ನೋಡುವ 2.5 ವೋಲ್ಟ್ ರೆಫರೆನ್ಸ್‌ಗೆ ಲೆಕ್ಕ ಹಾಕಿದರೆ ಸುಮಾರು 296 ಬರುತ್ತೆ, ಸಾಕಲ್ವಾ? ಮೂರು ಯಾಕೆಂದರೆ, ಸಾಮಾನ್ಯ ಕಾಲು ವಾಟ್ ರೆಸಿಸ್ಟರ್ ತಡೆಯುವುದು 250 ವೋಲ್ಟ್ ಅಷ್ಟೇ. ವಾಟ್ ಲೆಕ್ಕ ಸರಿಯಿದ್ದರೂ ವೋಲ್ಟ್ ಲೆಕ್ಕದಲ್ಲಿ ಸೋಲುತ್ತೆ. ಕೆಪಾಸಿಟರ್ ಈಗ 450 ವೋಲ್ಟಿನದು. ಇದರ ಜೊತೆಗೆ ಫೀಡ್‌ಬ್ಯಾಕ್‌ಗೆ ಸಂಬಂಧವೇ ಇಲ್ಲದ ಇನ್ನೊಂದು ಕಾವಲು: 110 ವೋಲ್ಟಿನ ಮೂರು ಝೀನರ್ (ನಿಗದಿತ ವೋಲ್ಟೇಜ್ ದಾಟಿದರೆ ಮಾತ್ರ ಕರೆಂಟ್ ಬಿಡುವ ಡಯೋಡ್) ಸಾಲಾಗಿ. ವೋಲ್ಟೇಜ್ 330 ದಾಟಿದರೆ ಅವು ಒಂದು ಟ್ರಾನ್ಸಿಸ್ಟರ್ ಆನ್ ಮಾಡಿ ಕಂಟ್ರೋಲರ್‌ನ ಕಾಂಪ್ ಪಿನ್ ಅನ್ನು ಕೆಳಗೆ ಎಳೆಯುತ್ತವೆ, ಆಗ ಅದು ಏರಿಸುವುದನ್ನು ನಿಲ್ಲಿಸುತ್ತೆ.

ಸ್ವಿಚಿಂಗ್ ಸಪ್ಲೈಯಲ್ಲಿ ಕೆಪಾಸಿಟರ್ ಚಿಕ್ಕದು, ಹಾಗಾಗಿ ಅಪಾಯ ಕಡಿಮೆ ಅಂತ ಕೆಲವರು ಹೇಳುತ್ತಾರೆ. ಒಪ್ಪಲ್ಲ. ಆನ್ ಇರುವಾಗ ಜೀವ ತೆಗೆಯುವಷ್ಟು ಕರೆಂಟ್ ಸಪ್ಲೈಯೇ ಕೊಡಬಲ್ಲದು. ಆಫ್ ಮಾಡಿದ ಮೇಲೂ ನನ್ನ 22 ಮೈಕ್ರೋಫ್ಯಾರಡ್‌ನಲ್ಲಿ ಸುಮಾರು ಒಂದು ಜೂಲ್ ಉಳಿದಿರುತ್ತೆ. ಅದನ್ನು ಇಳಿಸಲು 100ಕೆ, 1 ವಾಟ್ ರೆಸಿಸ್ಟರ್ ಎರಡನ್ನು ಸಾಲಾಗಿ ಕಾಯಂ ಜೋಡಿಸಿದ್ದೇನೆ. 22 ಸೆಕೆಂಡಿಗೆ 2 ವೋಲ್ಟ್ ಹತ್ತಿರ ಬರುತ್ತೆ. ಆದರೆ ಸುಮ್ನೆ ನಂಬಿ ಕೈ ಹಾಕಲ್ಲ, ಆ ರೆಸಿಸ್ಟರ್ ಕೂಡ ಒಂದು ದಿನ ಕಡಿಯಬಹುದು. ಆನ್ ಮಾಡುವ ಮೊದಲೇ ಮೀಟರಿನ ಕ್ಲಿಪ್ ಕಚ್ಚಿಸಿರುತ್ತೇನೆ. ಅಂಕೆ ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಕೈ, ಅದೂ ಕರೆಂಟ್ ಎದೆಯ ಮೂಲಕ ಹಾಯದಂತೆ ಒಂದೇ ಕೈ.

ಹೊಸ ಸಪ್ಲೈಗೆ ವಾಲ್ವ್ ಸಿಕ್ಕಿಸುವ ಮೊದಲು, ಫೀಡ್‌ಬ್ಯಾಕ್ ಕಡಿದರೆ ಕಾವಲು ಕೆಲಸ ಮಾಡುತ್ತಾ ನೋಡೋಣ ಅಂತ ಒಂದು 470ಕೆಯ ಕಾಲನ್ನು ಬೇಕಂತಲೇ ಬಿಚ್ಚಿದೆ. ಪೆಟ್ಟಿಗೆ ಮುಚ್ಚಿ, ದೂರ ನಿಂತು ಆನ್ ಮಾಡಿದೆ. ಮೀಟರ್ 334ಕ್ಕೆ ಹೋಗಿ ನಿಂತಿತು.