ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ನೋಡಿ ಹೃದಯದ ಲೆಕ್ಕ ಹಾಕೋ ಮುಂಚೆ
ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸಾಲು ನೋಡಿ. 1.5 ರಿಂದ 4.5 ಲಕ್ಷದೊಳಗೆ ಇದ್ದರೆ ಎಣಿಕೆ ಸರಿಯಿದೆ ಅಂತಷ್ಟೇ ಅರ್ಥ, ಹೃದಯಕ್ಕೆ ಏನೂ ಆಗಲ್ಲ ಅಂತಲ್ಲ. ಪ್ಲೇಟ್‌ಲೆಟ್ ಕೆರಳಿದಾಗ ಅದರ ಮೈಮೇಲೆ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನ್ ಬರುತ್ತದೆ, ಅದನ್ನು ಹಿಡಿದು ಮಾನೋಸೈಟ್ ಎಂಬ ಬಿಳಿ ರಕ್ತಕಣ ಅಂಟಿಕೊಳ್ಳುತ್ತದೆ, ಹಾರ್ಟ್ ಅಟ್ಯಾಕ್ ಆದವರ ರಕ್ತದಲ್ಲಿ ಇಂಥ ಜೋಡಿಗಳು ಜಾಸ್ತಿ. ಇವನ್ನು ಎಣಿಸಲು ಫ್ಲೋ ಸೈಟೋಮೀಟರ್ ಎಂಬ, ಕಣಗಳನ್ನು ಒಂದೊಂದಾಗಿ ಪರೀಕ್ಷಿಸುವ ಯಂತ್ರ ಬೇಕು. ಸ್ಯಾಂಪಲ್ ತಡವಾದರೆ ಟ್ಯೂಬ್‌ನಲ್ಲೇ ಕಣಗಳು ಅಂಟಿಕೊಂಡು ಲೆಕ್ಕ ಕೆಡುತ್ತದೆ. ಹಾಗಾಗಿ ಊರಿನ ಲ್ಯಾಬ್‌ನಲ್ಲಿ ಈ ಪರೀಕ್ಷೆ ಕೇಳಿದರೆ ಸುಮ್ನೆ ಅಲೆದಾಟ.

ಅದರ ಬದಲು ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನೋಡಿಸಿ. ಸಿಗರೇಟ್ ಬಿಡಿ, ಅದೂ ಈ ಜೋಡಿಗಳನ್ನು ಹೆಚ್ಚಿಸುತ್ತದೆ. ಪಕ್ಕದ ಮನೆಯವರು ಹೇಳಿದರು ಅಂತ ಆಸ್ಪಿರಿನ್ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆದೀತು. ಎದೆ ಹಿಂಡಿದಂತಾದರೆ ರಿಪೋರ್ಟ್ ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.