ಪೀಣ್ಯದಲ್ಲಿ ಓಟಿ ನಿಂತ ವರ್ಷ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. ಆರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೇತ್), ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ, ಕೊರೆದು ಕೆತ್ತುವ ಮಷೀನ್). ವಾಹನಗಳಿಗೆ ಬೇಕಾದ ಬುಷ್, ಪಿನ್, ಸಣ್ಣ ಶಾಫ್ಟ್ ಮಾಡುತ್ತೇವೆ. 2019ರ ಆರಂಭದಲ್ಲಿ ನನ್ನನ್ನು ಬಿಟ್ಟು 21 ಜನರಿದ್ದರು.

ಆ ವರ್ಷ ಏನಾಯಿತು ಅಂತ ವಾಹನದ ಕೆಲಸ ಮಾಡುವವರಿಗೆಲ್ಲ ಗೊತ್ತು. ಹಿಂದಿನ ವರ್ಷ ಐಎಲ್‌ಎಫ್‌ಎಸ್ ಎಂಬ ದೊಡ್ಡ ಫೈನಾನ್ಸ್ ಕಂಪನಿ ಕುಸಿದ ಮೇಲೆ ಬೇರೆ ಫೈನಾನ್ಸ್ ಕಂಪನಿಗಳು ಸಾಲ ಕೊಡಲು ಹಿಂಜರಿದವು. 2020ರ ಏಪ್ರಿಲ್‌ಗೆ ವಾಹನಗಳ ಹೊಗೆಯ ಹೊಸ ನಿಯಮ, ಬಿಎಸ್-6, ಬರುವುದಿತ್ತು. ಕೊಳ್ಳುವವರು ಕಾದು ನೋಡೋಣ ಅಂದರು. ಆಗಸ್ಟ್‌ನಲ್ಲಿ ಕಾರು ಮಾರಾಟ ಹಿಂದಿನ ವರ್ಷಕ್ಕಿಂತ ಶೇ 30ಕ್ಕೂ ಜಾಸ್ತಿ ಇಳಿದಿತ್ತು. ನಮ್ಮ ಶೆಡ್ಯೂಲ್ (ಗಿರಾಕಿಗಳು ಕೊಡುವ ಆರ್ಡರ್ ಪಟ್ಟಿ) ಅದಕ್ಕೂ ಮೊದಲೇ, ಮೇ ತಿಂಗಳಲ್ಲೇ ಅರ್ಧವಾಗಿತ್ತು.

ಮೊದಲು ನಾನು ಮಾಡಿದ್ದು ತಪ್ಪು. ಯಾರಿಗೂ ಏನೂ ಹೇಳಲಿಲ್ಲ. ಗಾಬರಿಯಾಗುತ್ತಾರೆ ಅಂದುಕೊಂಡೆ. ಜೂನ್‌ನಲ್ಲಿ ಕಾಂಟ್ರಾಕ್ಟ್ ಮೇಲಿದ್ದ ಮೂವರು ಒಡಿಶಾದ ಹುಡುಗರನ್ನು ಒಂದೇ ದಿನದ ನೋಟಿಸ್ ಕೊಟ್ಟು ಕಳಿಸಿದೆ. ಮಾರನೇ ದಿನ ಶಾಪ್‌ನಲ್ಲಿ ಮಾತೇ ಇಲ್ಲ. ರಿಜೆಕ್ಷನ್ ಜಾಸ್ತಿಯಾಯಿತು. ಮೈಕ್ರೋಮೀಟರ್ ಕೈಯಲ್ಲಿದ್ದರೂ ಅಳತೆ ತಪ್ಪುತ್ತಿತ್ತು. ಆಮೇಲೆ ಅರ್ಥವಾಯಿತು: ಅವರಿಗೆ ಎಲ್ಲ ಗೊತ್ತಿತ್ತು. ರಾಡ್ ತರುವ ಟೆಂಪೋ ವಾರಕ್ಕೆ ಮೂರು ಸಲ ಬರುತ್ತಿದ್ದದ್ದು ಒಂದು ಸಲ ಬಂದರೆ ಯಾರಿಗೆ ತಿಳಿಯಲ್ಲ? ನಾನು ಹೇಳದೆ ಇದ್ದದ್ದರಿಂದ ನಿಜಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಂಡಿದ್ದರು. ನಮ್ಮ ಒಳ್ಳೆಯ ಸೆಟ್ಟರ್ (ಮಷೀನ್ ಹೊಂದಿಸುವವರು) ಒಬ್ಬರು ಆ ತಿಂಗಳೇ ಬಿಟ್ಟು ಹೋದರು.

ಜುಲೈ ಮೊದಲ ಸೋಮವಾರ ಎಲ್ಲರನ್ನೂ ಟೀಗೆ ಕೂರಿಸಿದೆ. ಬೋರ್ಡ್ ಮೇಲೆ ಮೂರು ಅಂಕಿ ಬರೆದೆ. ಕೈಯಲ್ಲಿರುವ ಆರ್ಡರ್ ಎಷ್ಟು, ಗಿರಾಕಿಗಳಿಂದ ಬರಬೇಕಾದ ದುಡ್ಡು ಎಷ್ಟು, ಬ್ಯಾಂಕಿನಲ್ಲಿರುವುದು ಎಷ್ಟು ದಿನದ ಸಂಬಳಕ್ಕೆ ಸಾಕು. ಮೂರನೇ ಅಂಕಿ ಬರೆಯುವಾಗ ಕೈ ನಡುಗಿತು. 38 ದಿನ.

ಆಮೇಲೆ ಹೇಳಿದೆ: ಡಿಸೆಂಬರ್‌ವರೆಗೆ ಇನ್ನು ಯಾರನ್ನೂ ತೆಗೆಯಲ್ಲ. ವಾರಕ್ಕೆ ಐದು ದಿನ ಕೆಲಸ, ಆರನೇ ದಿನಕ್ಕೆ ಅರ್ಧ ಸಂಬಳ. ನಾನು ಮನೆಗೆ ಏನೂ ತಗೊಳ್ಳಲ್ಲ. ಜನವರಿಯ ಮಾತು ನವೆಂಬರ್‌ನಲ್ಲಿ ಹೇಳ್ತೀನಿ. "ಎಂದೆಂದಿಗೂ ತೆಗೆಯಲ್ಲ" ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ತಾರೀಕು ಇದ್ದದ್ದಕ್ಕೇ ನಂಬಿದರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆದರೆ ಅವರ ನಿಜವಾದ ಸಂಕಟ ಓಟಿ, ಅಂದರೆ ಓವರ್‌ಟೈಮ್, ನಿಂತದ್ದು. ಮಾಲೀಕರಾದ ನಾವು ಇದನ್ನು ಮರೆಯುತ್ತೇವೆ. 15 ಸಾವಿರ ಸಂಬಳದವರಿಗೆ ಓಟಿ ಸೇರಿ 21 ಸಾವಿರ ಕೈಗೆ ಬರುತ್ತಿತ್ತು. ಮನೆ ಬಾಡಿಗೆ, ಚೀಟಿ, ಮಕ್ಕಳ ಫೀಸು ಎಲ್ಲ ಆ 21ರ ಲೆಕ್ಕದಲ್ಲೇ ನಡೆಯುತ್ತಿತ್ತು. ನಾನು ಸಂಬಳಕ್ಕೆ ಕೈ ಹಾಕುವ ಮೊದಲೇ ಅವರ ಮನೆಯಲ್ಲಿ 6 ಸಾವಿರ ಕಮ್ಮಿಯಾಗಿತ್ತು. ಆಗಾಗ ಬರುತ್ತಿದ್ದ ಅಷ್ಟಿಷ್ಟು ಓಟಿಯನ್ನು ಯಾರಿಗೆ ಕೊಡುವುದು ಅಂತ ಅವರೇ ತೀರ್ಮಾನಿಸಲಿ ಅಂದೆ. ಸರದಿ ಪಟ್ಟಿ ಮಾಡಿದರು. ಮೊದಲ ಎರಡು ವಾರ ಹೆಂಡತಿ ಹೆರಿಗೆಗೆ ಹೋಗಿದ್ದ ಹುಡುಗನಿಗೇ ಬಿಟ್ಟುಕೊಟ್ಟರು. ನಾನು ಪಟ್ಟಿ ಮಾಡಿದ್ದರೆ ಇದು ನನಗೆ ಹೊಳೆಯುತ್ತಲೂ ಇರಲಿಲ್ಲ.

ಸುಮ್ನೆ ನಿಂತ ಮಷೀನ್ ಮುಂದೆ ಸುಮ್ನೆ ನಿಲ್ಲುವುದು ಕೆಲಸಗಾರನಿಗೆ ತುಂಬಾ ಕಷ್ಟ. ಖಾಲಿ ಹೊತ್ತಿನಲ್ಲಿ ಟರ್ನಿಂಗ್ ಆಪರೇಟರ್‌ಗಳಿಗೆ ವಿಎಂಸಿ ಸೆಟ್ಟಿಂಗ್, ಡ್ರಾಯಿಂಗ್ ಓದುವುದು, ಪ್ರೋಗ್ರಾಂ ತಿದ್ದುವುದು ಕಲಿಸಿದೆವು. ಕಲಿಸಿದವರು ನಮ್ಮವರೇ. ಕಲಿತರೆ ಬೇರೆ ಕಡೆ ಹೋಗುತ್ತಾರೆ ಅಂತ ಗೆಳೆಯರು ಹೆದರಿಸಿದರು. ಇಬ್ಬರು ಹೋದರು ಕೂಡ. ಆ ಹೊತ್ತಿನಲ್ಲಿ ಅವರಿಗೆ ಒಳ್ಳೆ ಕೆಲಸ ಸಿಕ್ಕಿದ್ದಕ್ಕೆ ನನಗೆ ಸಮಾಧಾನವೇ ಆಯಿತು.

ಹಿಂದಿನ ವರ್ಷ ಬೋನಸ್ ಶೇ 12 ಕೊಟ್ಟಿದ್ದೆವು. ಆ ವರ್ಷ ಕಾನೂನಿನ ಕನಿಷ್ಠ, ಶೇ 8.33 ಮಾತ್ರ ಅಂತ ಆಗಸ್ಟ್‌ನಲ್ಲೇ ಹೇಳಿಬಿಟ್ಟೆ. ಅಕ್ಟೋಬರ್ 7ರ ಆಯುಧ ಪೂಜೆಗೆ ಸ್ವೀಟ್ ಬಾಕ್ಸ್ ಇರಲಿಲ್ಲ. ಕಡ್ಲೆಪುರಿ, ಬಾಳೆಹಣ್ಣು, ಒಂದು ಬೂದುಗುಂಬಳಕಾಯಿ ಅಷ್ಟೇ. ಮೂರು ತಿಂಗಳಿಂದ ನಿಂತಿದ್ದ ನಾಲ್ಕನೇ ಮಷೀನನ್ನು ಹುಡುಗರು ಹಿಂದಿನ ದಿನವೇ ಬಂದು ಉಜ್ಜಿ ತೊಳೆದಿದ್ದರು. ಚೆಂಡು ಹೂವಿನ ದೊಡ್ಡ ಹಾರ ಅದಕ್ಕೇ ಹಾಕಿದ್ದರು. ಅದನ್ನು ನೋಡಿ ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಫೆಬ್ರುವರಿಯಲ್ಲಿ ಶೆಡ್ಯೂಲ್ ಸ್ವಲ್ಪ ಮೇಲೆದ್ದಿತು. ಮೊದಲು ಫೋನ್ ಮಾಡಿದ್ದು ಒಡಿಶಾದ ಆ ಮೂವರಿಗೆ. ಕ್ಷಮೆ ಕೇಳಿದೆ. ಒಬ್ಬ ಮಾತ್ರ ವಾಪಸ್ ಬಂದ.

ಮುಂದಿನ ತಿಂಗಳು 25ಕ್ಕೆ ಲಾಕ್‌ಡೌನ್. ಮಾರ್ಚ್ 30, ಸೋಮವಾರ. ಟೀ ಹೊತ್ತಿಗೆ ಸರಿಯಾಗಿ ಫೋನ್‌ನಲ್ಲೇ ಸೇರಿದೆವು. ನಾನು ಬಾಯಿ ಬಿಡುವ ಮೊದಲೇ ಒಬ್ಬರು ಕೇಳಿದರು: "ಸಾರ್, ಮೂರನೇ ಅಂಕಿ ಎಷ್ಟು?"